ಓಡಾಡುವ ನೋಡ್‌ಗಳ ನಡುವೆ ದಾರಿ ಹುಡುಕುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಟವರ್ ಇಲ್ಲ, ರೂಟರ್ ಇಲ್ಲ. ಇರುವ ಉಪಕರಣಗಳೇ (ನೋಡ್‌ಗಳೇ) ಒಂದರ ಪ್ಯಾಕೆಟ್ ಇನ್ನೊಂದು ಹೊತ್ತು ಮುಟ್ಟಿಸುವ ಮೊಬೈಲ್ ಅಡ್-ಹಾಕ್ ಜಾಲದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವರು ಕೇಳಿರುವುದು ನ್ಯೂರೋ-ಫಜಿ ವಿಧಾನದಿಂದ ರೂಟಿಂಗ್ ಸುಧಾರಿಸುವ ಬಗ್ಗೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ಎಒಡಿವಿ (ಬೇಕಾದಾಗ ಮಾತ್ರ ದಾರಿ ಹುಡುಕುವ ರೂಟಿಂಗ್ ಪ್ರೋಟೊಕಾಲ್) ಅತಿ ಕಡಿಮೆ ಹಾಪ್‌ನ, ಅಂದರೆ ನೋಡ್‌ನಿಂದ ನೋಡ್‌ಗೆ ಅತಿ ಕಡಿಮೆ ನೆಗೆತಗಳ ದಾರಿಯನ್ನೇ ಹುಡುಕಿ ಕೊಡುತ್ತದೆ. ಆದರೂ ನೋಡ್‌ಗಳು ಓಡಾಡಲು ಶುರು ಮಾಡಿದ ಕೂಡಲೇ ದಾರಿ ಪದೇ ಪದೇ ಮುರಿಯುತ್ತದೆ. ಏಕೆ?

ಕಡಿಮೆ ಹಾಪ್ ಹುಡುಕುವುದೇ ಅದಕ್ಕೆ ಕಾರಣ. ಹಾಪ್ ಕಡಿಮೆಯಾಗಬೇಕೆಂದರೆ ಒಂದೊಂದು ಹಾಪ್ ಉದ್ದವಾಗಬೇಕು. ಸಿಗ್ನಲ್ ವ್ಯಾಪ್ತಿ 250 ಮೀಟರ್ ಇದ್ದರೆ ಪ್ರೋಟೊಕಾಲ್ 240 ಮೀಟರ್ ದೂರದ ನೋಡನ್ನು ಖುಷಿಯಿಂದ ಆರಿಸಿಕೊಳ್ಳುತ್ತದೆ. ಆ ನೋಡ್ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ದೂರ ಸರಿಯುತ್ತಿದ್ದರೆ ಒಂದೇ ಸೆಕೆಂಡಿನಲ್ಲಿ ಕೈತಪ್ಪಿ ಹೋಗುತ್ತದೆ. ಹೋದದ್ದು ಗೊತ್ತಾಗುವುದಕ್ಕೂ ಸಮಯ ಬೇಕು. ಎಒಡಿವಿಯನ್ನು ವಿವರಿಸುವ 2003ರ ಆರ್‌ಎಫ್‌ಸಿ 3561 ದಾಖಲೆಯ ಪ್ರಕಾರ ಹಲೋ ಸಂದೇಶ (ನೆರೆಯವರಿಗೆ "ನಾನಿದ್ದೇನೆ" ಎನ್ನುವುದು) ಸೆಕೆಂಡಿಗೊಂದು, ಎರಡು ತಪ್ಪಿದರೆ ಮಾತ್ರ ನೆರೆಯ ನೋಡ್ ಇಲ್ಲವೆಂದು ತೀರ್ಮಾನ. ಲಿಂಕ್ ಪದರದಿಂದ ಬೇರೆ ಸೂಚನೆ ಸಿಗದಿದ್ದರೆ ಸುಮಾರು 2 ಸೆಕೆಂಡು ಪ್ಯಾಕೆಟ್‌ಗಳು ಗಾಳಿಗೆ ಹೋಗುತ್ತವೆ.

ಇನ್ನೊಂದು ತೊಡಕೂ ಇದೆ. ಹಲೋ ಸಂದೇಶ ಚಿಕ್ಕದು. ಬ್ರಾಡ್‌ಕಾಸ್ಟ್ ಆದ್ದರಿಂದ ಸಾಮಾನ್ಯವಾಗಿ ಕಡಿಮೆ ಬಿಟ್ ದರದಲ್ಲಿ ಹೋಗುತ್ತದೆ, ಹಾಗಾಗಿ ಹೆಚ್ಚು ದೂರ ಮುಟ್ಟುತ್ತದೆ. ಡೇಟಾ ಪ್ಯಾಕೆಟ್ ದೊಡ್ಡದು, ಹೆಚ್ಚಿನ ದರದ್ದು, ಅಷ್ಟು ದೂರ ಹೋಗದು. ಅಂಚಿನ ಆ ಪಟ್ಟಿಯಲ್ಲಿ ನಿಂತ ನೋಡ್‌ಗೆ ಹಲೋ ಕೇಳಿಸುತ್ತದೆ, ಡೇಟಾ ಕೇಳಿಸುವುದಿಲ್ಲ. ಪ್ರೋಟೊಕಾಲ್ ಮಾತ್ರ ಅದನ್ನು ಒಳ್ಳೆಯ ನೆರೆ ಎಂದೇ ನಂಬಿ ಕೂತಿರುತ್ತದೆ.

ಫಜಿ ವಿಧಾನ ಇಲ್ಲಿ ಮಾಡುವ ಕೆಲಸ ಇಷ್ಟು: "ಲಿಂಕ್ ಇದೆ ಅಥವಾ ಇಲ್ಲ" ಎನ್ನುವ ಬದಲು "ಈ ಲಿಂಕ್ ಎಷ್ಟರ ಮಟ್ಟಿಗೆ ನಂಬಬಹುದಾದದ್ದು" ಎಂದು 0ರಿಂದ 1ರ ನಡುವೆ ಒಂದು ಅಂಕ ಕೊಡುವುದು. ನ್ಯೂರೋ ಭಾಗ ಸೇರಿಸುವುದು, ಆ ಅಂಕ ಕೊಡುವ ನಿಯಮಗಳ ಸಂಖ್ಯೆಗಳನ್ನು ಕೈಯಿಂದ ಊಹಿಸುವ ಬದಲು ಡೇಟಾದಿಂದ ಕಲಿಯಲು. ಜಾಂಗ್ 1993ರಲ್ಲಿ ಪ್ರಕಟಿಸಿದ ಆನ್ಫಿಸ್ ಎಂಬ ನ್ಯೂರೋ-ಫಜಿ ಮಾದರಿ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದೆ.

ಪ್ರಶ್ನೆ: ಅಂಕ ಹೇಗೆ ಬರುತ್ತದೆ ಎಂಬುದನ್ನು ಸಂಖ್ಯೆಗಳೊಂದಿಗೆ ತೋರಿಸಿ. ಎಲ್ಲ ಕಡೆ ಆನ್ಫಿಸ್‌ನ ಐದು ಪದರಗಳ ಚಿತ್ರವಷ್ಟೇ ಸಿಗುತ್ತದೆ.

ಎರಡೇ ಇನ್‌ಪುಟ್ ತೆಗೆದುಕೊಳ್ಳೋಣ: ಸಿಗ್ನಲ್ ಸೆಕೆಂಡಿಗೆ ಎಷ್ಟು ಡೆಸಿಬೆಲ್ ಇಳಿಯುತ್ತಿದೆ, ಮತ್ತು ಆ ನೋಡ್‌ನ ಕ್ಯೂ (ಕಳಿಸಲು ಕಾದಿರುವ ಪ್ಯಾಕೆಟ್‌ಗಳ ಸಾಲು) ಎಷ್ಟು ತುಂಬಿದೆ.

ಇಳಿತ ಸೆಕೆಂಡಿಗೆ 3 ಡೆಸಿಬೆಲ್ ಅಥವಾ ಹೆಚ್ಚಿದ್ದರೆ "ಜಾರುತ್ತಿದೆ" ಎಂಬುದರ ಸದಸ್ಯತ್ವ (ಅದು ಎಷ್ಟರ ಮಟ್ಟಿಗೆ ನಿಜ ಎಂಬ ಅಂಕ) 1, ಇಳಿತವೇ ಇಲ್ಲದಿದ್ದರೆ 0, ನಡುವೆ ನೇರ ಗೆರೆ. "ಸ್ಥಿರ" ಎಂಬುದು 1ರಲ್ಲಿ ಉಳಿದದ್ದು. ಕ್ಯೂಗೂ ಹಾಗೆಯೇ: 50 ಪ್ಯಾಕೆಟ್ ಜಾಗದಲ್ಲಿ 35 ತುಂಬಿದ್ದರೆ "ತುಂಬಿದೆ" 0.7, "ಖಾಲಿ" 0.3.

ನಿಯಮಗಳು ನಾಲ್ಕು. ಸ್ಥಿರ, ಖಾಲಿ ಎಂದರೆ 0.9. ಸ್ಥಿರ, ತುಂಬಿದೆ ಎಂದರೆ 0.5. ಜಾರುತ್ತಿದೆ, ಖಾಲಿ ಎಂದರೆ 0.3. ಜಾರುತ್ತಿದೆ, ತುಂಬಿದೆ ಎಂದರೆ 0.05.

ಈಗ ಒಂದು ಲಿಂಕ್‌ನಲ್ಲಿ ಇಳಿತ 1.2 ಡೆಸಿಬೆಲ್, ಕ್ಯೂ 35. "ಜಾರುತ್ತಿದೆ" 0.4, "ಸ್ಥಿರ" 0.6. ಪ್ರತಿ ನಿಯಮದ ಬಲ ಎಂದರೆ ಅದರ ಎರಡು ಸದಸ್ಯತ್ವಗಳ ಗುಣಲಬ್ಧ: 0.6 × 0.3 = 0.18, 0.6 × 0.7 = 0.42, 0.4 × 0.3 = 0.12, 0.4 × 0.7 = 0.28. ಇವುಗಳ ಮೊತ್ತ 1. ಮೊತ್ತ 1 ಬಾರದಿದ್ದರೆ ಪ್ರತಿಯೊಂದನ್ನೂ ಮೊತ್ತದಿಂದ ಭಾಗಿಸಬೇಕು. ಚಿತ್ರದಲ್ಲಿ ನೀವು ನೋಡಿದ ಮೂರನೆಯ ಪದರದ ಕೆಲಸ ಅದೇ. ಕೊನೆಗೆ ಬಲವನ್ನು ನಿಯಮದ ಬೆಲೆಯಿಂದ ಗುಣಿಸಿ ಕೂಡಿಸಿದರೆ 0.162 + 0.21 + 0.036 + 0.014 = 0.422. ಇದೇ ಲಿಂಕ್‌ನ ಅಂಕ.

ಕಲಿಕೆಯಲ್ಲಿ ಬದಲಾಗುವುದು ಎರಡು ಬಗೆಯ ಸಂಖ್ಯೆಗಳು. 0.9, 0.5ರಂಥ ನಿಯಮದ ಬೆಲೆಗಳನ್ನು ಲೀಸ್ಟ್ ಸ್ಕ್ವೇರ್ಸ್ (ದೋಷಗಳ ವರ್ಗಗಳ ಮೊತ್ತ ಕನಿಷ್ಠವಾಗಿಸುವ ವಿಧಾನ) ಒಂದೇ ಸಲಕ್ಕೆ ಲೆಕ್ಕ ಹಾಕುತ್ತದೆ. ಗೆರೆಗಳ ಜಾಗ, ಅಗಲಗಳನ್ನು ಗ್ರೇಡಿಯೆಂಟ್ ವಿಧಾನ ಸ್ವಲ್ಪ ಸ್ವಲ್ಪವೇ ಸರಿಸುತ್ತದೆ. ಆನ್ಫಿಸ್‌ನಲ್ಲಿ ನಿಯಮದ ಬೆಲೆ ಒಂಟಿ ಸಂಖ್ಯೆಯ ಬದಲು ಇನ್‌ಪುಟ್‌ಗಳ ಸರಳ ರೇಖೀಯ ಸೂತ್ರ ಆಗಿರಬಹುದು. ಆಗ ಉತ್ತರ 0ಕ್ಕಿಂತ ಕೆಳಗೆ ಅಥವಾ 1ಕ್ಕಿಂತ ಮೇಲೆ ಹೋಗುವುದುಂಟು. ಬಳಸುವ ಮೊದಲು 0ರಿಂದ 1ರೊಳಗೆ ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಲೆಕ್ಕದಲ್ಲಿ ಋಣಾತ್ಮಕ ವೆಚ್ಚ ಬಂದು ರೂಟಿಂಗ್ ಕೆಡುತ್ತದೆ.

ಪ್ರಶ್ನೆ: ಸಿಗ್ನಲ್ ಬಲ, ಅದರ ಇಳಿತ, ಕ್ಯೂ, ಬ್ಯಾಟರಿ, ನೆರೆಯವರ ಸಂಖ್ಯೆ, ಹೀಗೆ ಐದು ಇನ್‌ಪುಟ್‌ಗೆ ಮೂರು ಮೂರು ಮೆಂಬರ್‌ಶಿಪ್ ಫಂಕ್ಷನ್ (ಸದಸ್ಯತ್ವ ಕೊಡುವ ಗೆರೆ) ಇಟ್ಟಿದ್ದೇನೆ. ತರಬೇತಿಯಲ್ಲಿ ದೋಷ ಬಹಳ ಕಡಿಮೆ. ಹೊಸ ಸಿಮ್ಯುಲೇಷನ್ ರನ್‌ನಲ್ಲಿ ಪೂರ್ತಿ ಎಡವುತ್ತದೆ.

ಮೂರರ ಐದನೆಯ ಘಾತ 243 ನಿಯಮ. ಪ್ರತಿ ನಿಯಮಕ್ಕೆ ಐದು ಗುಣಾಂಕ, ಒಂದು ಸ್ಥಿರಾಂಕ, ಅಂದರೆ 1,458 ಸಂಖ್ಯೆಗಳು. ಗಂಟೆಯಾಕಾರದ ಫಂಕ್ಷನ್ ಒಂದಕ್ಕೆ 3ರಂತೆ ಇನ್ನೂ 45. ಒಟ್ಟು 1,503. ನಿಮ್ಮ ಡೇಟಾದಲ್ಲಿ "ಬ್ಯಾಟರಿ ಕಡಿಮೆ, ಕ್ಯೂ ತುಂಬಿದೆ, ನೆರೆಯವರು ಹೆಚ್ಚು, ಸಿಗ್ನಲ್ ಜೋರು, ಇಳಿತ ವೇಗ" ಎನ್ನುವಂಥ ಮೂಲೆಗಳಿಗೆ ಒಂದೆರಡು ಸಾಲೂ ಸಿಗುವುದಿಲ್ಲ. ಆ ನಿಯಮಗಳ ಬೆಲೆ ಏನಾದರೂ ಆಗಿರಬಹುದು. ಮೂರು ಇನ್‌ಪುಟ್‌ಗೆ ಇಳಿಸಿದರೆ ನಿಯಮ 27, ಒಟ್ಟು ಸಂಖ್ಯೆಗಳು 135. ಒಂದೊಂದಕ್ಕೆ ಎರಡೇ ಫಂಕ್ಷನ್ ಇಟ್ಟರೆ 8 ನಿಯಮ. ಅಷ್ಟರಿಂದ ಶುರು ಮಾಡಿ. ಐದೂ ಬೇಕೇ ಬೇಕೆಂದಾದರೆ ಎಲ್ಲ ಜೋಡಣೆಗಳ ಗ್ರಿಡ್ ಬಿಟ್ಟು, ಡೇಟಾದ ಗುಂಪುಗಳನ್ನು ಹುಡುಕುವ ಸಬ್‌ಟ್ರಾಕ್ಟಿವ್ ಕ್ಲಸ್ಟರಿಂಗ್‌ನಿಂದ ನಿಯಮ ಹುಟ್ಟಿಸಿ. ಡೇಟಾ ಇರುವ ಕಡೆ ಮಾತ್ರ ನಿಯಮ ಬರುತ್ತದೆ.

ಆದರೆ ನಮ್ಮ ಅನುಮಾನ ಇದಕ್ಕಿಂತ ಹೆಚ್ಚಾಗಿ ನೀವು ಡೇಟಾ ಹಂಚಿದ ರೀತಿಯ ಮೇಲೆ. ಎಲ್ಲ ಸಾಲುಗಳನ್ನು ಕಲಸಿ ಶೇ. 80 ತರಬೇತಿಗೆ, ಶೇ. 20 ಪರೀಕ್ಷೆಗೆ ಎಂದು ಇಟ್ಟಿದ್ದರೆ, ಒಂದೇ ಲಿಂಕ್‌ನ 41ನೇ ಸೆಕೆಂಡು ತರಬೇತಿಯಲ್ಲೂ 42ನೇ ಸೆಕೆಂಡು ಪರೀಕ್ಷೆಯಲ್ಲೂ ಬಂದಿರುತ್ತದೆ. ಅವೆರಡೂ ಬಹುತೇಕ ಒಂದೇ. ಹಾಗಾದಾಗ ಮಾದರಿ ನೋಡಿದ್ದನ್ನೇ ಮತ್ತೆ ನೋಡಿ ಸರಿ ಉತ್ತರ ಕೊಡುತ್ತದೆ. ಹಂಚುವುದಿದ್ದರೆ ಇಡೀ ರನ್ ಲೆಕ್ಕದಲ್ಲಿ ಹಂಚಿ: ಕೆಲವು ಸೀಡ್‌ಗಳ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಬೆಲೆಗಳ) ರನ್‌ಗಳು ತರಬೇತಿಗೆ, ಬೇರೆ ಸೀಡ್‌ಗಳವು ಪರೀಕ್ಷೆಗೆ. ಇನ್‌ಪುಟ್‌ಗಳ ಕನಿಷ್ಠ, ಗರಿಷ್ಠಗಳನ್ನು ತರಬೇತಿ ಡೇಟಾದಿಂದ ಮಾತ್ರ ತೆಗೆದುಕೊಂಡು ಅವೇ ಸಂಖ್ಯೆಗಳನ್ನು ನೋಡ್‌ನೊಳಗೂ ಬಳಸಿ.

ಪ್ರಶ್ನೆ: ಕಲಿಸುವಾಗ "ಸರಿ ಉತ್ತರ" ಎಂದು ಏನು ಕೊಡಬೇಕು? ಪರಿಣತರು ಕೊಟ್ಟ ಅಂಕಗಳೇ?

ಬೇಡ. ಕೈಯಿಂದ ಬರೆದ ನಿಯಮಗಳ ಉತ್ತರವನ್ನೇ ಕಲಿಸಿದರೆ ಮಾದರಿ ಕಲಿಯುವುದು ನಿಮ್ಮ ಊಹೆಯನ್ನು, ಲಿಂಕ್‌ನ ನಡತೆಯನ್ನಲ್ಲ. ಹಾಗೆ ಮಾಡಿದ ಕೆಲಸಗಳು ಬೇಕಾದಷ್ಟಿವೆ, ಅವುಗಳಿಂದ ನೆಲದ ಮೇಲೆ ಏನೂ ಸಿಗದು.

"ಈ ಕ್ಷಣದಿಂದ ಮುಂದಿನ 3 ಸೆಕೆಂಡು ಈ ಲಿಂಕ್ ಉಳಿಯಿತೇ?" ಎಂಬುದಕ್ಕೆ ಹೌದಾದರೆ 1, ಇಲ್ಲವಾದರೆ 0. ಇದು ಲಾಗ್‌ನಿಂದಲೇ ಸಿಗುವ ಸತ್ಯ. 3 ಸೆಕೆಂಡೇ ಏಕೆಂದರೆ ಎಒಡಿವಿಯಲ್ಲಿ ಬಳಕೆಯಲ್ಲಿರುವ ದಾರಿಯ ಆಯುಸ್ಸಿನ ಡೀಫಾಲ್ಟ್ ಬೆಲೆ 3,000 ಮಿಲಿಸೆಕೆಂಡು. ಲೀಸ್ಟ್ ಸ್ಕ್ವೇರ್ಸ್‌ನಿಂದ ಕಲಿತ ಉತ್ತರ ಆಗ ಲಿಂಕ್ ಉಳಿಯುವ ಸಂಭವನೀಯತೆಗೆ ಹತ್ತಿರವಾಗುತ್ತದೆ, ಅಂಕಕ್ಕೊಂದು ಅರ್ಥ ಬರುತ್ತದೆ. ಎರಡು ಎಚ್ಚರಿಕೆ. ರನ್ ಮುಗಿಯುವ ಕೊನೆಯ 3 ಸೆಕೆಂಡಿನ ಸಾಲುಗಳನ್ನು ಬಿಟ್ಟುಬಿಡಿ, ಅವುಗಳ ಮುಂದೇನಾಯಿತೆಂದು ಲಾಗ್‌ನಲ್ಲಿ ಇರುವುದಿಲ್ಲ. ಮತ್ತು ಉಳಿದ ಲಿಂಕ್‌ಗಳ ಸಾಲು ಮುರಿದವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಎಲ್ಲಕ್ಕೂ 1 ಎಂದರೂ ದೋಷ ಕಡಿಮೆಯೇ ಕಾಣುತ್ತದೆ. ಆದ್ದರಿಂದ ಮುರಿದ ಲಿಂಕ್‌ಗಳ ಮೇಲಿನ ದೋಷವನ್ನು ಬೇರೆಯಾಗಿ ನೋಡಿ.

ಪ್ರಶ್ನೆ: ಎರಡು ಹಲೋಗಳ ಸಿಗ್ನಲ್ ಬಲದ ವ್ಯತ್ಯಾಸವನ್ನೇ ಇಳಿತ ಎಂದು ತೆಗೆದುಕೊಂಡೆ. ಅಂಕ ಮೇಲೆ ಕೆಳಗೆ ಕುಣಿಯುತ್ತದೆ.

ಕುಣಿಯಲೇಬೇಕು. ಲೆಕ್ಕ ಹಾಕಿ ನೋಡಿ. ನೆಲದ ಪ್ರತಿಫಲನ ಸೇರಿದ ಟೂ-ರೇ ಮಾದರಿಯಲ್ಲಿ ದೂರ ಇಮ್ಮಡಿಯಾದರೆ ಸಿಗ್ನಲ್ 12 ಡೆಸಿಬೆಲ್ ಇಳಿಯುತ್ತದೆ. 200 ಮೀಟರ್‌ನಲ್ಲಿದ್ದ ನೋಡ್ ಒಂದು ಸೆಕೆಂಡಿನಲ್ಲಿ 210ಕ್ಕೆ ಹೋದರೆ ಇಳಿತ ಬರೀ 0.85 ಡೆಸಿಬೆಲ್. ಒಂದೊಂದು ಅಳತೆಯಲ್ಲಿ 3 ಡೆಸಿಬೆಲ್‌ನಷ್ಟು ಏರಿಳಿತ ಇದೆ ಎಂದುಕೊಂಡರೆ, ಎರಡು ಅಳತೆಗಳ ವ್ಯತ್ಯಾಸದಲ್ಲಿ ಅದು 4.2 ಡೆಸಿಬೆಲ್ ಆಗುತ್ತದೆ. ನೀವು ಹುಡುಕುತ್ತಿರುವುದರ ಐದು ಪಟ್ಟು ಗದ್ದಲ.

ಸೆಕೆಂಡಿಗೊಂದರಂತೆ ಐದು ಹಲೋ ತೆಗೆದುಕೊಂಡು ಅವುಗಳ ಮೂಲಕ ನೇರ ಗೆರೆ ಎಳೆದು ಇಳಿಜಾರು ಕಂಡುಹಿಡಿದರೂ ಗದ್ದಲ 0.95ರಷ್ಟು ಉಳಿಯುತ್ತದೆ, ಇನ್ನೂ ಸಂಕೇತಕ್ಕಿಂತ ದೊಡ್ಡದು. ಕಿಟಕಿಯನ್ನು ಹಿಗ್ಗಿಸೋಣವೆಂದರೆ ಆ ನೋಡ್ 200ರಿಂದ 250 ಮೀಟರ್ ತಲುಪಲು ಬೇಕಾಗಿರುವುದೇ 5 ಸೆಕೆಂಡು. ಅಳೆದು ಮುಗಿಸುವಷ್ಟರಲ್ಲಿ ಅದು ಹೋಗಿಯಾಗಿರುತ್ತದೆ.

ದಾರಿ ಒಂದೇ: ಅದೇ 5 ಸೆಕೆಂಡಿನೊಳಗೆ ಹೆಚ್ಚು ಅಳತೆ. ಹಲೋ ಅರ್ಧ ಸೆಕೆಂಡಿಗೊಮ್ಮೆ ಕಳಿಸಿದರೆ 11 ಅಳತೆ, ಗದ್ದಲ 0.57. ನೆರೆಯವರ ಡೇಟಾ ಪ್ಯಾಕೆಟ್‌ಗಳು ನಿಮಗಲ್ಲದಿದ್ದರೂ ಕಿವಿಗೆ ಬೀಳುತ್ತವಲ್ಲ, ಅವುಗಳ ಸಿಗ್ನಲ್ ಬಲವನ್ನೂ ಸೇರಿಸಿಕೊಂಡು ಸೆಕೆಂಡಿಗೆ 10 ಅಳತೆ ಸಿಕ್ಕರೆ 0.29. ಇದಕ್ಕೆ ಹೆಚ್ಚುವರಿ ಸಂದೇಶವೂ ಬೇಕಿಲ್ಲ. ಕಟ್ಟಡದ ನೆರಳಿನಂಥ ಏರಿಳಿತ ಒಂದು ಅಳತೆಯಿಂದ ಮುಂದಿನದಕ್ಕೆ ಅಂಟಿಕೊಂಡೇ ಬರುವುದರಿಂದ ನಿಜದಲ್ಲಿ ಇಷ್ಟು ಚೆನ್ನಾಗಿ ಇಳಿಯದು, ಆದರೂ ದಿಕ್ಕು ಸರಿ. ಒಂದೇ ಒಂದು ಷರತ್ತು: ಕಳಿಸುವ ಶಕ್ತಿ ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಬದಲಾಗುತ್ತಿದ್ದರೆ ಈ ಅಳತೆಗಳನ್ನು ಬೆರೆಸಬಾರದು.

ಪ್ರಶ್ನೆ: ಒಳ್ಳೆಯ ಅಂಕ ಸಿಗುವ ಮಾದರಿ ತಯಾರಾಗಿದೆ. ರೂಟ್ ರಿಕ್ವೆಸ್ಟ್‌ನಲ್ಲಿ (ದಾರಿ ಹುಡುಕಲು ಜಾಲದಲ್ಲಿ ಹರಡುವ ಸಂದೇಶದಲ್ಲಿ) ಅಂಕ ಸೇರಿಸಿದ್ದೇನೆ, ಕೊನೆಯ ನೋಡ್ ಅದನ್ನು ಓದುತ್ತದೆ. ಆದರೂ ಫಲಿತಾಂಶ ಸಾದಾ ಎಒಡಿವಿಯಂತೆಯೇ ಬರುತ್ತದೆ.

ಈ ಪ್ರಶ್ನೆ ಹಲವರಿಂದ ಬಂದಿದೆ, ಈ ಕೆಲಸದಲ್ಲಿ ಅತಿ ಹೆಚ್ಚು ಶ್ರಮ ವ್ಯರ್ಥವಾಗುವ ಜಾಗವೂ ಇದೇ. ಅಂಕ ಸರಿಯಿದೆ. ಅದಕ್ಕೆ ಆರಿಸಲು ಎರಡನೆಯ ದಾರಿಯೇ ಸಿಗುತ್ತಿಲ್ಲ.

ಎಒಡಿವಿಯಲ್ಲಿ ನಡುವಿನ ನೋಡ್ ಒಂದೇ ರಿಕ್ವೆಸ್ಟ್‌ನ ಮೊದಲ ಪ್ರತಿಯನ್ನು ಮುಂದಕ್ಕೆ ಕಳಿಸುತ್ತದೆ, ಆಮೇಲೆ ಬಂದವನ್ನೆಲ್ಲ ಎಸೆಯುತ್ತದೆ. ಮೊದಲು ಬರುವುದು ಸಾಮಾನ್ಯವಾಗಿ ಕಡಿಮೆ ಹಾಪ್‌ನದು, ಅಂದರೆ ಉದ್ದುದ್ದ ಲಿಂಕ್‌ಗಳದ್ದು. ಗಟ್ಟಿ ದಾರಿಯ ಪ್ರತಿ ಎರಡು ಮಿಲಿಸೆಕೆಂಡು ತಡವಾಗಿ ಬಂದು ಅಲ್ಲೇ ಸಾಯುತ್ತದೆ. ಕೊನೆಯ ನೋಡ್‌ಗೆ ತಲುಪುವುದು ಕೆಲವೇ ಪ್ರತಿ, ಅವೂ ಹೆಚ್ಚಾಗಿ ಇಂಥ ಉದ್ದ ಲಿಂಕ್‌ಗಳವೇ.

ಸರಿಪಡಿಸಲು ನಾಲ್ಕು ಕಡೆ ಕೈ ಹಾಕಬೇಕು.

ಮೊದಲನೆಯದು, ನಡುವಿನ ನೋಡ್. ರಿಕ್ವೆಸ್ಟ್ ಬಂದ ಲಿಂಕ್‌ನ ಅಂಕ ಕಡಿಮೆಯಿದ್ದಷ್ಟೂ ಹೆಚ್ಚು ಕಾಯ್ದು ಮುಂದಕ್ಕೆ ಕಳಿಸಲಿ: 10 ಮಿಲಿಸೆಕೆಂಡನ್ನು (1 − ಅಂಕ) ಎಂಬುದರಿಂದ ಗುಣಿಸಿ, ಜೊತೆಗೆ ಡಿಕ್ಕಿ ತಪ್ಪಿಸಲು 0ರಿಂದ 2 ಮಿಲಿಸೆಕೆಂಡಿನ ಯಾದೃಚ್ಛಿಕ ವಿಳಂಬ. ಆಗ ಗಟ್ಟಿ ದಾರಿಯ ಪ್ರತಿಯೇ ಓಟದಲ್ಲಿ ಮುಂದೆ ಬರುತ್ತದೆ, ಒಂದೂ ಹೆಚ್ಚುವರಿ ಬ್ರಾಡ್‌ಕಾಸ್ಟ್ ಇಲ್ಲ. ಕಾಯುವ ಸಮಯವನ್ನು 40 ಮಿಲಿಸೆಕೆಂಡಿಗಿಂತ ಬಹಳ ಕೆಳಗಿಡಿ. ಒಂದು ನೋಡ್ ದಾಟಲು ಎಒಡಿವಿ ಲೆಕ್ಕಕ್ಕೆ ಹಿಡಿದಿರುವ ಸಮಯ ಅದು, ಮೀರಿದರೆ ಉತ್ತರ ಬರುವ ಮೊದಲೇ ಮೂಲ ನೋಡ್ ಮತ್ತೆ ರಿಕ್ವೆಸ್ಟ್ ಎಬ್ಬಿಸುತ್ತದೆ. ಇನ್ನೂ ಬೇಕೆಂದರೆ, ತಡವಾಗಿ ಬಂದ ಪ್ರತಿಯ ವೆಚ್ಚ (ಇದರ ಸೂತ್ರ ಮುಂದಿನ ಉತ್ತರದಲ್ಲಿದೆ) ಮೊದಲಿನದಕ್ಕಿಂತ ಶೇ. 20ರಷ್ಟಾದರೂ ಕಡಿಮೆಯಿದ್ದರೆ ಒಂದೇ ಒಂದು ಸಲ ಮರುಪ್ರಸಾರಕ್ಕೆ ಅವಕಾಶ ಕೊಡಿ. ಮಿತಿ ಹಾಕದಿದ್ದರೆ ಬ್ರಾಡ್‌ಕಾಸ್ಟ್ ಪ್ರವಾಹದಲ್ಲಿ ಜಾಲ ಮುಳುಗುತ್ತದೆ.

ಎರಡನೆಯದು, ಕೊನೆಯ ನೋಡ್. ಮೊದಲ ಪ್ರತಿಗೆ ತಕ್ಷಣ ಉತ್ತರಿಸದೆ 50 ಮಿಲಿಸೆಕೆಂಡು ಕಾಯ್ದು, ಬಂದವುಗಳಲ್ಲಿ ಅಗ್ಗದ್ದಕ್ಕೆ ಉತ್ತರಿಸಲಿ.

ಮೂರನೆಯದು ಬಹಳ ಜನ ಮರೆಯುವುದು. ದಾರಿ ಗೊತ್ತಿರುವ ನಡುವಿನ ನೋಡ್ ತಾನೇ ಉತ್ತರಿಸಿಬಿಡಬಹುದು, ಅದರ ಬಳಿ ಇರುವ ಅಂಕ ಹಳೆಯದು. ರಿಕ್ವೆಸ್ಟ್‌ನಲ್ಲಿ "ಗಮ್ಯ ಮಾತ್ರ ಉತ್ತರಿಸಲಿ" ಎಂಬ ಡಿ ಬಿಟ್ ಇದೆ, ಅದನ್ನು 1 ಮಾಡಿ.

ನಾಲ್ಕನೆಯದು, ಹಂತ ಹಂತವಾಗಿ ವಿಸ್ತರಿಸುವ ಹುಡುಕಾಟ. ಡೀಫಾಲ್ಟ್‌ನಲ್ಲಿ ಟಿಟಿಎಲ್ (ಸಂದೇಶ ಎಷ್ಟು ಹಾಪ್ ಹೋಗಬಹುದೆಂಬ ಮಿತಿ) 1, 3, 5, 7, ಆಮೇಲೆ 35. ಮೂರು ಹಾಪ್‌ನ ಕೆಟ್ಟ ದಾರಿ ಎರಡನೆಯ ಸುತ್ತಿನಲ್ಲೇ ಸಿಕ್ಕರೆ ನಾಲ್ಕು ಹಾಪ್‌ನ ಗಟ್ಟಿ ದಾರಿಯನ್ನು ಯಾರೂ ಹುಡುಕುವುದೇ ಇಲ್ಲ. ಸುಮಾರು 50 ನೋಡ್‌ಗಳ ಜಾಲವಾದರೆ ಆರಂಭದ ಟಿಟಿಎಲ್ ಅನ್ನೇ 7ಕ್ಕೆ ಇಟ್ಟು ನೋಡಿ. ಸಂದೇಶಗಳ ಸಂಖ್ಯೆ ಏರುತ್ತದೆ; ಆ ಏರಿಕೆಯನ್ನು ಮುಚ್ಚಿಡದೆ ಫಲಿತಾಂಶದಲ್ಲಿ ತೋರಿಸಿ.

ಪ್ರಶ್ನೆ: ಹಾಪ್ ಎಣಿಕೆ ತೆಗೆದು, ದಾರಿಯ ಅತ್ಯಂತ ದುರ್ಬಲ ಲಿಂಕ್‌ನ ಅಂಕವನ್ನೇ ದಾರಿಯ ಅಂಕ ಎಂದು ಇಟ್ಟೆ. ಕೆಲವು ಪ್ಯಾಕೆಟ್ ಸುತ್ತುತ್ತಲೇ ಇವೆ.

ಎಒಡಿವಿಯಲ್ಲಿ ಸುತ್ತು ಆಗದಿರುವುದಕ್ಕೆ ಕಾರಣ, ಒಂದೇ ಸೀಕ್ವೆನ್ಸ್ ಸಂಖ್ಯೆ (ದಾರಿಯ ಮಾಹಿತಿ ಎಷ್ಟು ಹೊಸದೆಂದು ತೋರಿಸುವ ಸಂಖ್ಯೆ) ಇರುವವರೆಗೆ ಗಮ್ಯದಿಂದ ದೂರ ಹೋದಂತೆ ಪ್ರತಿ ಹಾಪ್‌ಗೂ ಎಣಿಕೆ ಏರಲೇಬೇಕು ಎಂಬುದು. ದುರ್ಬಲ ಲಿಂಕ್‌ನ ಅಂಕ ಹಾಗಲ್ಲ. ಮುಂದೆಲ್ಲೋ 0.3ರ ಲಿಂಕ್ ಇದ್ದರೆ ಅದರ ಹಿಂದಿನ ಎಲ್ಲ ನೋಡ್‌ಗಳಿಗೂ 0.3 ಎಂದೇ ಬರುತ್ತದೆ. ಇಬ್ಬರೂ ಸಮಾನರಾದಾಗ ನೀನು ನನ್ನ ಮೂಲಕ, ನಾನು ನಿನ್ನ ಮೂಲಕ ಎಂದು ಕೂರಲು ಯಾವ ಅಡ್ಡಿಯೂ ಉಳಿಯುವುದಿಲ್ಲ.

ಅಂಕವನ್ನು ಕೂಡಿಸುವ ವೆಚ್ಚವಾಗಿ ಬದಲಿಸಿ: ಲಿಂಕ್‌ನ ವೆಚ್ಚ = 1 + 3 × (1 − ಅಂಕ). ಪ್ರತಿ ಹಾಪ್‌ಗೆ ಕನಿಷ್ಠ 1 ಸೇರುವುದರಿಂದ ಏರಿಕೆ ಖಚಿತ. ಮೇಲೆ ಲೆಕ್ಕ ಹಾಕಿದ 0.422ರ ಲಿಂಕ್‌ಗೆ ವೆಚ್ಚ 2.73, ಅಂಥ ಎರಡರ ದಾರಿಗೆ 5.47. ಇಳಿತವಿಲ್ಲದ, ಕ್ಯೂ ಐದನೇ ಒಂದು ಭಾಗ ತುಂಬಿದ ಲಿಂಕ್‌ನ ಅಂಕ 0.82, ವೆಚ್ಚ 1.54, ಅಂಥ ಮೂರರ ದಾರಿಗೆ 4.62. ಮೂರು ಹಾಪ್ ಗೆಲ್ಲುತ್ತದೆ. ನಮಗೆ ಬೇಕಾಗಿದ್ದದ್ದೂ ಅದೇ.

ಇದಾದ ಮೇಲೂ ಒಂದು ಕಿಂಡಿ ಉಳಿಯುತ್ತದೆ. ಅಂಕ ಇಳಿಯಿತೆಂದು ನೋಡ್ ತನ್ನ ವೆಚ್ಚವನ್ನು ಸದ್ದಿಲ್ಲದೆ ಏರಿಸಿಕೊಂಡರೆ, ಅದರ ಮೂಲಕವೇ ಹೋಗುವ ನೆರೆಯವನ ದಾರಿ ಅದಕ್ಕೆ ಅಗ್ಗವಾಗಿ ಕಾಣುತ್ತದೆ, ಮತ್ತೆ ಸುತ್ತು. ಒಂದೇ ಸೀಕ್ವೆನ್ಸ್ ಸಂಖ್ಯೆ ಇರುವವರೆಗೆ ವೆಚ್ಚವನ್ನು ಮುಟ್ಟಬೇಡಿ. ಅಂಕ ಎರಡು ಸತತ ಅಳತೆಗಳಲ್ಲಿ 0.3ಕ್ಕಿಂತ ಕೆಳಗಿಳಿದರೆ ಮೂಲ ನೋಡ್‌ಗೆ ಎಚ್ಚರಿಕೆ ಕಳಿಸಿ. ಅದು ಹಳೆಯ ದಾರಿಯಲ್ಲೇ ಪ್ಯಾಕೆಟ್ ಕಳಿಸುತ್ತ, ಹೊಸ ಸೀಕ್ವೆನ್ಸ್ ಸಂಖ್ಯೆಯೊಂದಿಗೆ ಹೊಸ ಹುಡುಕಾಟ ಶುರು ಮಾಡಲಿ.

ವೆಚ್ಚ ಹೊರುವ ಜಾಗದ ಬಗ್ಗೆಯೂ ಒಂದು ಮಾತು. ರಿಕ್ವೆಸ್ಟ್‌ನಲ್ಲಿ ಮೀಸಲು ಬಿಟ್‌ಗಳು 11, ರಿಪ್ಲೈನಲ್ಲಿ 9. ಅವುಗಳಲ್ಲಿ ತುರುಕಬೇಡಿ. ಎಒಡಿವಿ ಕೊಟ್ಟಿರುವ ಎಕ್ಸ್‌ಟೆನ್ಷನ್ ರೂಪ ಬಳಸಿ: ಬಗೆಗೆ 1 ಬೈಟ್, ಉದ್ದಕ್ಕೆ 1, ವೆಚ್ಚಕ್ಕೆ 2. ವೆಚ್ಚವನ್ನು ನೂರರಿಂದ ಗುಣಿಸಿ ಪೂರ್ಣಾಂಕವಾಗಿ ಇಟ್ಟರೆ 35 ಹಾಪ್‌ಗೂ ಗರಿಷ್ಠ 14,000, ಎರಡು ಬೈಟ್ ಧಾರಾಳ. 24 ಬೈಟ್‌ನ ರಿಕ್ವೆಸ್ಟ್ 28 ಆಗುತ್ತದೆ, ಅಷ್ಟೇ.

ಪ್ರಶ್ನೆ: ಬ್ಯಾಟರಿ ಮಟ್ಟವನ್ನು ಇನ್‌ಪುಟ್ ಆಗಿ ಸೇರಿಸಬೇಕೇ?

ಲಿಂಕ್ 3 ಸೆಕೆಂಡು ಉಳಿಯುವುದಕ್ಕೂ ಬ್ಯಾಟರಿ ಶೇ. 60 ಇದೆಯೇ 40 ಇದೆಯೇ ಎಂಬುದಕ್ಕೂ ಸಂಬಂಧವಿಲ್ಲ. ಕಲಿಕೆಯಲ್ಲಿ ಸೇರಿಸಿದರೆ ಗದ್ದಲವನ್ನೇ ಕಲಿಯುತ್ತದೆ. ಶೇ. 20ಕ್ಕಿಂತ ಕೆಳಗಿಳಿದಾಗ ವೆಚ್ಚಕ್ಕೆ ನೇರವಾಗಿ 1 ಕೂಡಿಸುವ ಸರಳ ನಿಯಮ ಸಾಕು.

ಪ್ರಶ್ನೆ: ನಮ್ಮ ನೋಡ್‌ಗಳು ಚಿಕ್ಕ ಮೈಕ್ರೋಕಂಟ್ರೋಲರ್‌ಗಳು. ಆನ್ಫಿಸ್ ಅವುಗಳಲ್ಲಿ ಓಡುತ್ತದೆಯೇ? ಅಲ್ಲೇ ಕಲಿಯುವಂತೆ ಮಾಡಬಹುದೇ?

ಕಲಿತು ಮುಗಿದ ಮೇಲೆ ಆನ್ಫಿಸ್ ಓಡಿಸುವ ಅಗತ್ಯವೇ ಇಲ್ಲ. ಮೂರು ಇನ್‌ಪುಟ್‌ಗಳನ್ನು ತಲಾ 16 ಮಟ್ಟಕ್ಕೆ ಒಡೆದು, ಎಲ್ಲ ಜೋಡಣೆಗಳ ಉತ್ತರವನ್ನು ಮೊದಲೇ ಲೆಕ್ಕ ಹಾಕಿ ಕೋಷ್ಟಕ ಮಾಡಿ. ಒಂದು ಉತ್ತರಕ್ಕೆ 1 ಬೈಟ್‌ನಂತೆ 4,096 ಬೈಟ್. ಫ್ಲಾಶ್‌ನಲ್ಲಿ ಹಾಕಿದರೆ ಅಂಕ ಪಡೆಯುವುದೆಂದರೆ ಒಂದು ಮೆಮೊರಿ ಓದು. ಇಳಿತದ ಮಟ್ಟಗಳನ್ನು ಸೊನ್ನೆಯ ಆಸುಪಾಸು ಒತ್ತಾಗಿ, ದೂರದಲ್ಲಿ ವಿರಳವಾಗಿ ಇಡಿ, ತೀರ್ಮಾನ ಬದಲಾಗುವುದು ಅಲ್ಲೇ.

ನೋಡ್‌ನಲ್ಲೇ ಕಲಿಯುವುದಾದರೆ ನಿಯಮದ ಬೆಲೆಗಳನ್ನು ಮಾತ್ರ ರಿಕರ್ಸಿವ್ ಲೀಸ್ಟ್ ಸ್ಕ್ವೇರ್ಸ್‌ನಿಂದ (ಹೊಸ ಅಳತೆ ಬಂದಂತೆ ಲೆಕ್ಕ ಸರಿಪಡಿಸುವ ರೂಪದಿಂದ) ತಿದ್ದಿ. 27 ನಿಯಮಕ್ಕೆ 108 ಸಂಖ್ಯೆ, ಅದರ ಮ್ಯಾಟ್ರಿಕ್ಸ್ 108 × 108, 4 ಬೈಟ್ ಫ್ಲೋಟ್‌ನಲ್ಲಿ ಸುಮಾರು 46 ಕಿಲೋಬೈಟ್. 8 ನಿಯಮಕ್ಕಾದರೆ 32 × 32, ಬರೀ 4 ಕಿಲೋಬೈಟ್. ಹಳೆಯದನ್ನು ಮರೆಯುವ ಗುಣಾಂಕ 1ಕ್ಕಿಂತ ಕಡಿಮೆ ಇಟ್ಟು ನೋಡ್ ಬಹಳ ಹೊತ್ತು ನಿಂತಲ್ಲೇ ನಿಂತರೆ ಆ ಮ್ಯಾಟ್ರಿಕ್ಸ್ ಉಬ್ಬುತ್ತ ಹೋಗಿ, ಚಲನೆ ಶುರುವಾದ ಕೂಡಲೇ ಬೆಲೆಗಳು ಎಲ್ಲೆಂದರಲ್ಲಿ ಹಾರುತ್ತವೆ. ಇನ್‌ಪುಟ್ ಬದಲಾಗದಿದ್ದಾಗ ತಿದ್ದುವುದನ್ನು ನಿಲ್ಲಿಸಿ.

ಪ್ರಶ್ನೆ: ನೋಡ್ ತನ್ನ ಕ್ಯೂ ಖಾಲಿ ಎಂದು ಸುಳ್ಳು ಹೇಳಿ ಪ್ಯಾಕೆಟ್ ಸೆಳೆದುಕೊಂಡರೆ?

ಸೆಳೆದುಕೊಳ್ಳುತ್ತದೆ, ಫಜಿ ನಿಯಮಕ್ಕೆ ಸುಳ್ಳು ಗೊತ್ತಾಗದು. ಸಿಗ್ನಲ್‌ನ ಇಳಿತವನ್ನು ನೀವೇ ಅಳೆಯುತ್ತೀರಿ, ಕ್ಯೂ ಮಾತ್ರ ಅದರ ಬಾಯಿಮಾತು. ಅದಕ್ಕೆ ಕೊಟ್ಟ ಪ್ಯಾಕೆಟ್ ಮುಂದಕ್ಕೆ ಹೋಯಿತೇ ಎಂದು ಕಿವಿಗೊಟ್ಟು ಎಣಿಸಿ, ಆ ಅನುಪಾತವನ್ನು ಕ್ಯೂ ಬದಲು ಇನ್‌ಪುಟ್ ಮಾಡಿ.

ಪ್ರಶ್ನೆ: ಎನ್‌ಎಸ್-3 ಎಂಬ ಜಾಲ ಸಿಮ್ಯುಲೇಟರ್‌ನಲ್ಲಿ ನನ್ನ ವಿಧಾನದ ವಿಳಂಬ ಎಒಡಿವಿಗಿಂತ ಕಡಿಮೆ ಬಂದಿದೆ. ಇಷ್ಟು ಸಾಕೇ?

ತಲುಪಿದ ಪ್ಯಾಕೆಟ್‌ಗಳ ಪ್ರಮಾಣವನ್ನು ಪಕ್ಕದಲ್ಲಿಟ್ಟು ನೋಡಿ. ವಿಳಂಬ ಲೆಕ್ಕವಾಗುವುದು ತಲುಪಿದವಕ್ಕೆ ಮಾತ್ರ. ದೂರದ, ಕಷ್ಟದ ಪ್ಯಾಕೆಟ್‌ಗಳೆಲ್ಲ ಬಿದ್ದುಹೋಗಿದ್ದರೆ ಉಳಿದವುಗಳ ಸರಾಸರಿ ವಿಳಂಬ ತಾನಾಗಿಯೇ ಚೆನ್ನಾಗಿ ಕಾಣುತ್ತದೆ.

ಚಲನೆಯ ಮಾದರಿಯನ್ನೂ ಪರೀಕ್ಷಿಸಿ. ರ್‍ಯಾಂಡಮ್ ವೇಪಾಯಿಂಟ್‌ನಲ್ಲಿ (ನೋಡ್ ಯಾದೃಚ್ಛಿಕವಾಗಿ ಗುರಿ, ವೇಗ ಆರಿಸಿಕೊಂಡು ಹೋಗುವ ಮಾದರಿಯಲ್ಲಿ) ವೇಗ ಸೆಕೆಂಡಿಗೆ 0ರಿಂದ 20 ಮೀಟರ್ ಎಂದು ಕೊಟ್ಟರೆ ಸರಾಸರಿ 10 ಇರುವುದಿಲ್ಲ. ಬಹಳ ನಿಧಾನ ವೇಗ ಸಿಕ್ಕ ನೋಡ್ ಆ ಒಂದೇ ಪಯಣದಲ್ಲಿ ಸಿಕ್ಕಿಕೊಳ್ಳುತ್ತದೆ, ಹೊತ್ತು ಕಳೆದಂತೆ ಇಡೀ ಜಾಲದ ಸರಾಸರಿ ವೇಗ ಇಳಿಯುತ್ತಲೇ ಹೋಗುತ್ತದೆ. ಕನಿಷ್ಠ 1, ಗರಿಷ್ಠ 19 ಎಂದು ಕೊಟ್ಟರೆ, ನಡುವೆ ನಿಲುಗಡೆ ಇಲ್ಲದಿದ್ದರೆ, ಸುಮಾರು 6.1ರಲ್ಲಿ ನೆಲೆಗೊಳ್ಳುತ್ತದೆ. ಆ ಸಂಖ್ಯೆಯನ್ನೇ ಬರೆಯಿರಿ, 10 ಎಂದಲ್ಲ. ಆರಂಭದ ಅಸ್ಥಿರ ಭಾಗವನ್ನು ಅಳತೆಯಿಂದ ಬಿಟ್ಟುಬಿಡಿ.

ಟೂ-ರೇ ಮಾದರಿಯೊಂದರಲ್ಲೇ ಪರೀಕ್ಷಿಸಿದ್ದರೆ ಸಿಗ್ನಲ್ ದೂರದ ನಿಖರ ಅಳತೆಗೋಲಿನಂತೆ ವರ್ತಿಸಿರುತ್ತದೆ. ಮೇಲೆ ಹೇಳಿದ ಗದ್ದಲವೇ ಅಲ್ಲಿಲ್ಲ. ನಕಗಾಮಿ ಫೇಡಿಂಗ್ (ಸಿಗ್ನಲ್‌ನ ಯಾದೃಚ್ಛಿಕ ಏರಿಳಿತದ ಮಾದರಿ) ಸೇರಿಸಿ ಮತ್ತೆ ಓಡಿಸಿ.

ಹತ್ತು ಬೇರೆ ಸೀಡ್‌ಗಳಾದರೂ ಇರಲಿ, ಎರಡೂ ವಿಧಾನಕ್ಕೆ ಅವೇ ಸೀಡ್‌ಗಳು. ಸೀಡ್‌ವಾರು ವ್ಯತ್ಯಾಸ ತೆಗೆದು, ಅದರ ಪ್ರಮಾಣಿತ ವಿಚಲನೆಯನ್ನು ಹತ್ತರ ವರ್ಗಮೂಲದಿಂದ ಭಾಗಿಸಿ 2.262ರಿಂದ ಗುಣಿಸಿ, ಬಂದದ್ದನ್ನು ಸರಾಸರಿ ವ್ಯತ್ಯಾಸಕ್ಕೆ ಕೂಡಿಸಿ, ಅದರಿಂದ ಕಳೆದರೆ ಶೇ. 95ರ ಅಂತರ ಸಿಗುತ್ತದೆ. ಅದರೊಳಗೆ ಸೊನ್ನೆ ಬಂದರೆ ಸುಧಾರಣೆ ಎಂದು ಹೇಳಬೇಡಿ.

ಹೋಲಿಕೆಗೆ ಎಒಡಿವಿ ಒಂದೇ ಸಾಲದು. ಇಟಿಎಕ್ಸ್ (ಪ್ಯಾಕೆಟ್ ತಲುಪಲು ಎಷ್ಟು ಸಲ ಕಳಿಸಬೇಕಾದೀತೆಂಬ ಅಂದಾಜು) ಬಳಸುವ ಒಂದು ವಿಧಾನ ಇರಲಿ. ಜೊತೆಗೆ, ನಿಮ್ಮ ಅವೇ ಇನ್‌ಪುಟ್‌ಗಳ ಮೇಲೆ ಕಲಿಕೆಯಿಲ್ಲದೆ ಕೈಯಿಂದ ಬರೆದ ನಾಲ್ಕು ನಿಯಮಗಳ ವಿಧಾನವೊಂದು, ಡಿ ಬಿಟ್, ಟಿಟಿಎಲ್, ಕಾಯುವ ಸಮಯ ಎಲ್ಲ ನಿಮ್ಮದರಂತೆಯೇ ಇಟ್ಟು. ಅದಕ್ಕೂ ನಿಮ್ಮ ಆನ್ಫಿಸ್‌ಗೂ ವ್ಯತ್ಯಾಸ ಕಾಣದಿದ್ದರೆ, ಸಿಕ್ಕ ಲಾಭ ರಿಕ್ವೆಸ್ಟ್ ಹರಡುವ ರೀತಿ ಬದಲಿಸಿದ್ದರಿಂದ ಬಂದದ್ದು, ಕಲಿಕೆಯಿಂದಲ್ಲ.